ಮೂರನೇ ಹಂತ ಮೀನಿನ ಹೊಟ್ಟೆಯಲ್ಲಿ

ಕೆರೆ ಮೀನಿಗೂ ಪ್ರೋಬಯಾಟಿಕ್, ಅಂದರೆ ಕರುಳಿಗೆ ಒಳ್ಳೆಯದು ಮಾಡುವ ಜೀವಂತ ಬ್ಯಾಕ್ಟೀರಿಯಾದ ಪುಡಿ, ಹಾಕಿ ಅಂತ ಈಗ ಕೋಲಾರದ ಸಾಕಣೆದಾರರಿಗೆ ಸಲಹೆ ಸಿಗುತ್ತಿದೆ. ಕಟ್ಲಾ, ರೋಹು, ಮೃಗಾಲ್, ಗೆಂಡೆ, ಯಾರನ್ನೂ ಬಿಡುವಂತಿಲ್ಲ. ಮೀನಿನ ಕರುಳಿನ ಬಗ್ಗೆ ಇಷ್ಟೊಂದು ಕಾಳಜಿ! ಮೆಚ್ಚಲೇಬೇಕು.

ಮೊನ್ನೆ ಅಂಗಡಿಯಲ್ಲಿ ಆ ಪೊಟ್ಟಣ ತಿರುಗಿಸಿ ನೋಡಿದೆ. ಒಂದು ಗ್ರಾಂಗೆ ಇಷ್ಟು ಕೋಟಿ ಜೀವಂತ ಬ್ಯಾಕ್ಟೀರಿಯಾ ಅಂತ ದಪ್ಪಕ್ಷರದಲ್ಲಿತ್ತು. ಕೆಳಗೆ ಸಣ್ಣಕ್ಷರದಲ್ಲಿ 'ತಂಪಾದ, ಒಣ ಜಾಗದಲ್ಲಿಡಿ'. ಇಟ್ಟಿದ್ದು ತಗಡಿನ ಶೀಟಿನ ಕೆಳಗೆ, ಸುಡು ಬಿಸಿಲಲ್ಲಿ.

"ಇವು ಇನ್ನೂ ಬದುಕಿವೆಯೇನಣ್ಣಾ?"

"ತಿಂದ ಮೀನನ್ನೇ ಕೇಳ್ಬೇಕು ಸಾರ್."

ಅವನ ಮೇಲೂ ಕೋಪವಿಲ್ಲ, ಬ್ಯಾಕ್ಟೀರಿಯಾ ಮೇಲೂ ಇಲ್ಲ. ಬ್ಯಾಸಿಲಸ್ ಗಟ್ಟಿ ಆಸಾಮಿ, ಬೀಜಕದ ಚಿಪ್ಪಿನೊಳಗೆ ಮುದುಡಿಕೊಂಡು ಬಿಸಿಲು ತಡೆದೀತು. ಲ್ಯಾಕ್ಟೋಬ್ಯಾಸಿಲಸ್ ನಮ್ಮ ಮೊಸರಿನ ಬಳಗ, ಸ್ವಲ್ಪ ನಾಜೂಕು. ತೌಡು, ಕಡ್ಲೆಕಾಯಿ ಹಿಂಡಿ ಜೊತೆ ಕಲಸಿ ಹಾಕಿದರೆ ಮೇವು ಅರಗಿಸಲು ನೆರವಾಗುತ್ತವೆ. ಏರೋಮೋನಾಸ್‌ನಂಥ ರೋಗಾಣುಗಳಿಗೆ ಕರುಳಿನಲ್ಲಿ ಜಾಗ ಬಿಡುವುದಿಲ್ಲ. ಆ್ಯಂಟಿಬಯಾಟಿಕ್ ಸುರಿಯುವುದೂ ಕಡಿಮೆಯಾದೀತು. ಒಳ್ಳೆಯದೇ ಅಲ್ವಾ? ಆದರೆ ನೀರು ಚೆನ್ನಾಗಿರಬೇಕು. ಅಮೋನಿಯಾ ಏರಿ ಆಮ್ಲಜನಕ ಇಳಿದ ನೀರಲ್ಲಿ ಯಾವ ಪುಡಿ ಹಾಕಿದರೂ ಅಷ್ಟೇ.

ನೀರಿನ ವಿಷಯ ಬಂತಲ್ಲ. ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ಪುರಾಣ ಗೊತ್ತಿರುವುದೇ. ಬೆಂಗಳೂರಿನ ಕಕ್ಕಸು, ಬಚ್ಚಲಿನ ನೀರು ಎರಡು ಹಂತ ಶುದ್ಧಿಯಾಗಿ ನಮ್ಮ ಕೋಲಾರದ ಕೆರೆಗೆ. 2018ರ ಜೂನ್‌ನಲ್ಲಿ ಇಲ್ಲಿನ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು, ಜುಲೈನಲ್ಲಿ ನೊರೆಯೂ ಬಂತು. ಕೋರ್ಟು, ತಡೆಯಾಜ್ಞೆ ಎಲ್ಲ ಆಯಿತು, ನೀರು ಹರಿಯುತ್ತಲೇ ಇದೆ. ಉಳಿದ ರೋಗಾಣು, ಪೋಷಕಾಂಶಗಳನ್ನು ತೆಗೆಯುವ ಮೂರನೇ ಹಂತವನ್ನೂ ಮಾಡಿ ಅಂತ ಹೋರಾಟಗಾರರು ಗಂಟಲು ಹರಿದುಕೊಂಡರು. ಅದಕ್ಕೆ ಘಟಕ ಬೇಕು, ದುಡ್ಡು ಬೇಕು, ಟೆಂಡರ್ ಬೇಕು. ಮೀನಿನ ಕರುಳಿಗೆ ಇದ್ಯಾವುದೂ ಬೇಡ, ಪುಡಿ ಖರ್ಚೂ ಸಾಕಿದವನದೇ. ಮುಂದೆ ಟೊಮೆಟೊಗೊಂದು ಪೊಟ್ಟಣ, ಸೀಮೆಹಸುವಿಗೊಂದು ಪೊಟ್ಟಣ. ಕೊನೆಗೆ ನಮಗೂ ಒಂದು, ಬಿಪಿಎಲ್ ಕಾರ್ಡಿನವರಿಗೆ ರಿಯಾಯಿತಿ ದರದಲ್ಲಿ.

ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಏರಿದ್ದು ಸುಳ್ಳಲ್ಲ. ಸಾವಿರಾರು ಅಡಿ ಕೊರೆಸಿ, ಸಾಲ ತಲೆಮೇಲೆ ಹೊತ್ತ ಜನ 'ಯಾವ ನೀರಾದ್ರೂ ಸರಿ, ಬಿಡ್ರಪ್ಪ' ಅಂದರು. ಸರ್ಕಾರದವರೇ, ಆ ಮಾತನ್ನೇ ನೀವು ಒಪ್ಪಿಗೆ ಅಂತ ಬರೆದುಕೊಂಡುಬಿಟ್ಟಿರಿ. ಬಾಯಾರಿದವನು ಲೋಟ ಚೊಕ್ಕಟವಾಗಿದೆಯಾ ಅಂತ ಕೇಳುವುದಿಲ್ಲ ಅನ್ನುವುದು ನಿಮಗೆ ಚೆನ್ನಾಗಿಯೇ ಗೊತ್ತಿತ್ತು. ನಗಿಸುತ್ತಾ ಬರೆಯೋಣ ಅಂತ ಕೂತೆ, ಆಗುತ್ತಿಲ್ಲ ಬಿಡಿ.

ಪ್ರತಿ ಕೆರೆ ಏರಿ ಮೇಲೆ ಒಂದು ಬೋರ್ಡು ನೆಟ್ಟು, ಆ ತಿಂಗಳ ನೀರಿನ ಪರೀಕ್ಷೆಯ ವರದಿಯನ್ನು ಕನ್ನಡದಲ್ಲಿ ಬರೆಸಿ. ಪೊಟ್ಟಣದ ಮೇಲೆ ಬ್ಯಾಕ್ಟೀರಿಯಾ ಲೆಕ್ಕ ಕೊಡಲು ಆಗುತ್ತದೆ ಅಂದಮೇಲೆ ಕೆರೆಯದ್ದನ್ನೂ ಕೊಡಿ. ಎಷ್ಟು ಅಂತ ಮಾತ್ರ ಅಲ್ಲ, ಯಾವುದು ಅಂತಲೂ.