ತಿಂಗಳಿಗೊಂದು ಮನೆಗೆಲಸದ ರಜೆ

ಕಮ್ಯುನಿಸ್ಟರು ಆಳುತ್ತಿದ್ದ ಪೂರ್ವ ಜರ್ಮನಿಯಲ್ಲಿ ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳಸಹಿತ ರಜೆ ಇತ್ತು. ಬಟ್ಟೆ ಒಗೆಯಲು, ಮನೆ ಸಾರಿಸಲು, ಅಂಗಡಿ ಮುಂದೆ ಸರತಿ ನಿಲ್ಲಲು. 1952ರಲ್ಲಿ ಬಂದ ಈ ರಜೆ ಮೊದಮೊದಲು ಸಂಸಾರಸ್ಥೆಯರಿಗೆ ಮಾತ್ರ. ಗಂಡಸರ ಸರದಿ ಬಂದದ್ದು 1977ರ ಕಾರ್ಮಿಕ ಸಂಹಿತೆಯಲ್ಲಿ. ಅದೂ ಒಬ್ಬನೇ ಮಕ್ಕಳನ್ನು ಸಾಕುವ ತಂದೆಗೆ, ಇಲ್ಲವೇ ಹೆಂಡತಿ ಕಾಯಿಲೆ ಬಿದ್ದಿದ್ದರೆ ಗಂಡನಿಗೆ.

ಆಗ ಪೂರ್ವ ಜರ್ಮನಿಗೆ ಸೇರಿದ್ದ ಲೈಪ್‌ಜಿಗ್‌ನಲ್ಲಿ ನೆಲೆಸಿರುವ ನಾನು, ಇಲ್ಲಿನ ಹಿರಿಯ ಹೆಂಗಸರು ಆ ರಜೆಯನ್ನು ಅಕ್ಕರೆಯಿಂದ ನೆನೆಯುವುದನ್ನು ಕೇಳಿದ್ದೇನೆ. ನನಗಾದರೋ, ಅವರ ಸಮಾನತೆ ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟದ್ದು ಅದರಲ್ಲಿ ಕಾಣುತ್ತದೆ.

ಹೊಸ್ತಿಲವರೆಗೆ ಬಂದದ್ದೇನೂ ಸಣ್ಣದಲ್ಲ. 1946ರಲ್ಲೇ, ಎರಡನೇ ಮಹಾಯುದ್ಧದ ನಂತರ ಇಲ್ಲಿ ಆಳುತ್ತಿದ್ದ ಸೋವಿಯತ್ ಸೇನಾಡಳಿತ ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂದು ಆದೇಶಿಸಿತು. 1950ರ ಕಾಯ್ದೆ ಸಂಸಾರದಲ್ಲಿ ಗಂಡನದೇ ಕೊನೆಯ ಮಾತು ಎಂಬುದನ್ನು ತೆಗೆದುಹಾಕಿ, ಶಿಶುವಿಹಾರಗಳನ್ನು ಸರ್ಕಾರದ ಹೊಣೆಯಾಗಿಸಿತು. ಇಲ್ಲಿನ 1884ರ ಹತ್ತಿ ಗಿರಣಿಗೆ ತನ್ನದೇ ಶಿಶುವಿಹಾರವಿತ್ತು (ಈಗ ಅಲ್ಲಿ ಕಲಾವಿದರ ಸ್ಟುಡಿಯೊಗಳಿವೆ). ಆಗ ಪಶ್ಚಿಮ ಜರ್ಮನಿಯಲ್ಲಿ, ಸಂಸಾರದ ಕರ್ತವ್ಯಕ್ಕೆ ಅಡ್ಡಿಯಾಗದಿದ್ದರಷ್ಟೇ ಹೆಂಡತಿ ಕೆಲಸಕ್ಕೆ ಹೋಗಬಹುದು ಎಂಬ ಕಾನೂನು 1977ರವರೆಗೂ ಇತ್ತು!

ಇದೆಲ್ಲ ಬರೀ ತತ್ವದಿಂದ ಬಂದದ್ದಲ್ಲ. ಯುದ್ಧದಲ್ಲಿ ಗಂಡಸರು ಸತ್ತಿದ್ದರು. 1961ರಲ್ಲಿ ಬರ್ಲಿನ್ ಗೋಡೆ ಏಳುವವರೆಗೆ ಲಕ್ಷಾಂತರ ಜನ ಪಶ್ಚಿಮಕ್ಕೆ ಓಡಿಹೋದರು. ಕಾರ್ಖಾನೆಗೆ ಕೈಗಳು ಬೇಕಿದ್ದವು. 1989ರ ಹೊತ್ತಿಗೆ ದುಡಿಯುವ ವಯಸ್ಸಿನ ಹತ್ತು ಹೆಂಗಸರಲ್ಲಿ ಸುಮಾರು ಒಂಬತ್ತು ಮಂದಿ ಕೆಲಸದಲ್ಲೋ ಓದಿನಲ್ಲೋ ಇದ್ದರು. ಆದರೆ ದೇಶ ಆಳುತ್ತಿದ್ದ ಪಕ್ಷದ ಉನ್ನತ ಸಮಿತಿಯಾದ ಪಾಲಿಟ್‌ಬ್ಯೂರೊದಲ್ಲಿ ನಲವತ್ತು ವರ್ಷದಲ್ಲಿ ಒಬ್ಬ ಹೆಣ್ಣೂ ಪೂರ್ಣ ಸದಸ್ಯೆಯಾಗಲಿಲ್ಲ. ಪಕ್ಷದ ಹಿಡಿತದಾಚೆ ಸಂಘ ಕಟ್ಟುವಂತೆಯೂ ಇರಲಿಲ್ಲ. ಪಾತ್ರೆ ತೊಳೆಯುವುದು ಗಂಡನ ಪಾಲಿಗೂ ಬರಲಿ ಎಂದು ಹಟ ಹಿಡಿಯಲು ಅವರಿಗೆ ಜಾಗವೇ ಇರಲಿಲ್ಲ.

ಇಲ್ಲೇ ನನಗೆ ನಮ್ಮ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಮೇಲೆ ಹೆಮ್ಮೆ ಉಕ್ಕುತ್ತದೆ. 2016ರ ಏಪ್ರಿಲ್‌ನಲ್ಲಿ, ಪಿಎಫ್ ಹಣ ತೆಗೆಯಲು ಕೇಂದ್ರ ಸರ್ಕಾರ ಹಾಕಿದ ಕಡಿವಾಣದ ವಿರುದ್ಧ ಅವರು ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ನಿಯಮ ವಾಪಸಾಯಿತು. ಆದರೆ ಲೈಪ್‌ಜಿಗ್‌ನ ಗಿರಣಿ ಕೆಲಸದವಳಿಗೆ ಕೇಳದೆಯೇ ಸಿಕ್ಕ ಶಿಶುವಿಹಾರ ಅವರಲ್ಲಿ ಎಷ್ಟೋ ಮಂದಿಗೆ ಇಂದಿಗೂ ಇಲ್ಲ. ಕಾರ್ಖಾನೆಯಲ್ಲಿ ಮಕ್ಕಳ ಕೋಣೆ ಇರಬೇಕೆಂಬ ಮಾತು ನಮ್ಮ 1948ರ ಕಾಯ್ದೆಯಲ್ಲೇ ಇತ್ತು. ಆದರೂ ಕೂಸನ್ನು ಊರಲ್ಲಿ ಅಜ್ಜಿಯ ಬಳಿ ಬಿಟ್ಟು ಬಂದು ಹೊಲಿಗೆ ಯಂತ್ರದ ಮುಂದೆ ಕೂರುವ ತಾಯಂದಿರು ಕಡಿಮೆಯೇನಿಲ್ಲ.

ಉದ್ಯೋಗ ಖಾತ್ರಿ ಕೂಲಿಯವರ ಮಕ್ಕಳಿಗೆಂದು ಕರ್ನಾಟಕ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಶುರುಮಾಡಿತು. ಒಳ್ಳೆಯ ಕೆಲಸ. ಅದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಿರುವ ಪೀಣ್ಯಕ್ಕೂ ಬೊಮ್ಮನಹಳ್ಳಿಗೂ ಬರಬೇಕು, ಬೆಳಗಿನ ಪಾಳಿಗೆ ಮುಂಚೆಯೇ ಬಾಗಿಲು ತೆರೆಯಬೇಕು. ಎಲ್ಲಿರಬೇಕು, ಎಷ್ಟು ಹೊತ್ತಿನವರೆಗೆ ಇರಬೇಕು ಎಂಬುದನ್ನು ಆ ಹೆಂಗಸರನ್ನೇ ಕೂರಿಸಿಕೊಂಡು ತೀರ್ಮಾನಿಸಲಿ. ಮಗುವನ್ನು ಬಿಟ್ಟುಬರಲು, ಕರೆತರಲು ಅಪ್ಪಂದಿರ ಪಾಳಿಯಲ್ಲೂ ಬಿಡುವು ಸಿಗುವಂತೆ ಅದೇ ಆದೇಶದಲ್ಲಿ ಬರೆಯಲಿ.