26 ಅಂಕಿಯ ಸಂಖ್ಯೆ ಹಂಚುವ ಮುನ್ನ ಪೆನ್ಸಿಲ್ ಹಿಡಿಯಿರಿ

ಶಕುಂತಲಾ ದೇವಿಯವರ ಆ ಗುಣಾಕಾರ ಮತ್ತೆ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ. ಈ ಸಲ ಬಂದಿರುವುದು ತಪ್ಪು ಉತ್ತರ: ಕೊನೆಯ ಕಡೆ 773 ಇರಬೇಕಾದಲ್ಲಿ 737. ಕೆಳಗೆ ಸಾಲುಸಾಲು ಕೈಮುಗಿದ ಚಿತ್ರ, ‘ನಮ್ಮ ಬೆಂಗಳೂರಿನ ಹೆಮ್ಮೆ’. ಹೆಮ್ಮೆ ನನಗೂ ಇದೆ, ಅದಕ್ಕೇ ಸಿಟ್ಟು. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರು 28 ಸೆಕೆಂಡಿನಲ್ಲಿ ಒಂದಂಕಿಯೂ ತಪ್ಪದೆ ಹೇಳಿದ್ದನ್ನು ನೋಡಿಕೊಂಡು ಬರೆಯೋಕೂ ನಮಗೆ ಆಗದಾ?

ಸರಿಯಾದ ಲೆಕ್ಕ ಇದು:

7,686,369,774,870 × 2,465,099,745,779
= 18,947,668,177,995,426,462,773,730

ಅಂಕಿಗಳನ್ನೆಲ್ಲ ಕೂಡಿ 9ರಿಂದ ಭಾಗಿಸಿ ಶೇಷ ನೋಡುವುದು ಹಳೇ ದಾರಿ. ಮೇಲಿನ ಎರಡರ ಮೊತ್ತ 78, 74. ಶೇಷ 6, 2. ಗುಣಿಸಿದರೆ 12, ಅಂದರೆ ಶೇಷ 3. ಉತ್ತರದ ಅಂಕಿಗಳ ಮೊತ್ತ 138, ಶೇಷ 3. ಸರಿಹೋಯಿತು. ಆದರೆ 737 ಬರೆದರೂ ಮೊತ್ತ ಅದೇ 138! ಅಂಕಿ ಅದಲುಬದಲಾದರೂ, 0 ಇರುವಲ್ಲಿ 9 ಬಂದರೂ ಈ ಪರೀಕ್ಷೆಗೆ ತಿಳಿಯುವುದೇ ಇಲ್ಲ.

ಅದಕ್ಕೆ 9ರ ಬದಲು 1001ರಿಂದ ಭಾಗಿಸಿದ ಶೇಷ ನೋಡಬೇಕು. 1000 ಅದಕ್ಕಿಂತ ಒಂದು ಕಡಿಮೆ, ಹಾಗಾಗಿ ಬಲಗಡೆಯಿಂದ ಮೂರು ಮೂರಂಕಿಯ ಗುಂಪು ಮಾಡಿ ಒಂದನ್ನು ಕೂಡಿ, ಮುಂದಿನದನ್ನು ಕಳೆಯುತ್ತಾ ಹೋದರೆ ಸಾಕು. ಮೊದಲನೆಯದು: 870 − 774 + 369 − 686 + 7 = −214. ಎರಡನೆಯದು −330. ಇವೆರಡರ ಗುಣಲಬ್ಧ 70,620; ಅದನ್ನೂ ಹಾಗೇ ಮಾಡಿ, 620 − 70 = 550. ಈಗ ಉತ್ತರ: 730 − 773 + 462 − 426 + 995 − 177 + 668 − 947 + 18. ಬಂತಲ್ಲ 550! 737 ಹಾಕಿದರೆ 586. ಸಿಕ್ಕಿಬಿತ್ತು.

ಇಷ್ಟರಲ್ಲೇ ಆ ಸಂಖ್ಯೆಯ ಗುಣವೂ ಹೊರಬರುತ್ತದೆ. 1001 ಅಂದರೆ 7 × 11 × 13. 550 ಹನ್ನೊಂದರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, 7 ಮತ್ತು 13ರಿಂದ ಆಗುವುದಿಲ್ಲ. ದೊಡ್ಡ ಸಂಖ್ಯೆಯೂ ಹಾಗೇ. 138 ಮೂರರಿಂದ ಹೋಗುತ್ತದೆ, ಒಂಬತ್ತರಿಂದ ಇಲ್ಲ. ಕೊನೆಗೆ 30 ಇರುವುದರಿಂದ 2 ಒಂದೇ ಸಲ, 5 ಒಂದೇ ಸಲ. ಒಟ್ಟಿನಲ್ಲಿ 330ರಿಂದ ಪೂರ್ತಿ ಭಾಗವಾಗುವ ಸಂಖ್ಯೆ. ಎಷ್ಟು ಚೆನ್ನಾಗಿದೆ ನೋಡಿ! ಇದನ್ನು ಬಿಟ್ಟು ಬರೀ ‘ಅದ್ಭುತ’ ಅಂತ ಬರೆದು ಮುಂದೆ ತಳ್ಳುತ್ತೀರಲ್ಲ.

‘ಎಕ್ಸೆಲ್‌ನಲ್ಲಿ ಹಾಕಿದರೆ ಆಯ್ತಪ್ಪ’ ಅನ್ನುವವರಿದ್ದಾರೆ. ಹಾಕಿ ನೋಡಿ. ಅದು ಹಿಡಿದಿಡುವುದು 15 ಅಂಕಿ ಮಾತ್ರ, ಉಳಿದ ಕಡೆ ಸೊನ್ನೆ ತುಂಬುತ್ತದೆ. ತಪ್ಪು ಇರುವುದೇ ಆ ಉಳಿದ ಕಡೆ.

1001ಕ್ಕೂ ಮಿತಿ ಇದೆ. 462 ಮತ್ತು 730ರಂತೆ ಒಂದು ಬಿಟ್ಟು ಒಂದು ಗುಂಪು ಪೂರ್ತಿ ಜಾಗ ಬದಲಿಸಿದರೆ ಅದಕ್ಕೆ ತಿಳಿಯದು. ಆಗ ಎರಡೆರಡು ಅಂಕಿಯ ಗುಂಪು ಮಾಡಿ ಇದೇ ರೀತಿ ಕೂಡಿ ಕಳೆಯಿರಿ, ಶೇಷ 101ರಿಂದ ನೋಡಿ. ಅಲ್ಲಿ ಸಿಗುತ್ತದೆ.