ಇಗರ್ಜಿಯ ಗುರು: ಸೇವಕನಾದರೆ ಸಾಕೇ?

ಪರ

ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರದ ಸಂಜೆ, ಯೇಸು ಶಿಷ್ಯರ ಪಾದ ತೊಳೆದುದರ ನೆನಪಿಗೆ, ಕಾರವಾರದ ಕಡೆಯ ಕ್ಯಾಥೊಲಿಕ್ ಇಗರ್ಜಿಯೊಂದರಲ್ಲಿ (ಚರ್ಚಿನಲ್ಲಿ) ಪೀಠದ ಮುಂದೆ ಹನ್ನೆರಡು ಕುರ್ಚಿಗಳು ಸಾಲಾಗಿರುತ್ತವೆ. ಬಲೆ ಎಳೆದು, ಉಪ್ಪುನೀರಿನಲ್ಲಿ ನಿಂತು ಬಿರುಕುಬಿಟ್ಟ ಹಿಮ್ಮಡಿಯೊಂದನ್ನು ಗುರುಗಳು, ಅಂದರೆ ಪಾದ್ರಿಗಳು, ಮೊಣಕಾಲೂರಿ ಅಂಗೈಯಲ್ಲಿ ಹಿಡಿದು, ನೀರು ಹೊಯ್ದು, ಟವೆಲಿನಿಂದ ಬೆರಳಸಂದಿಯವರೆಗೆ ಒರೆಸುತ್ತಾರೆ. 2016ರಲ್ಲಿ ಪೋಪ್ ಫ್ರಾನ್ಸಿಸ್ ಈ ವಿಧಿಯನ್ನು ಮಹಿಳೆಯರಿಗೂ ತೆರೆದ ಮೇಲೆ, ಮೀನುಬುಟ್ಟಿ ಹೊತ್ತು ಮನೆಮನೆ ತಿರುಗುವ ಹೆಂಗಸೂ ಆ ಕುರ್ಚಿಯಲ್ಲಿ ಕೂರಬಹುದಾಗಿದೆ.

ಇದನ್ನು ವರ್ಷಕ್ಕೊಮ್ಮೆಯ ತೋರಿಕೆ ಎನ್ನುವವರು ಬೈಬಲಿನಲ್ಲಿ ಯೊವಾನ್ನನ ಶುಭಸಂದೇಶದ 13ನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು. ಶಿಷ್ಯರ ಪಾದ ತೊಳೆದ ಯೇಸು ತಾನು ಗುರುವಲ್ಲ, ಒಡೆಯನಲ್ಲ ಎನ್ನುವುದಿಲ್ಲ. ನೀವು ಹಾಗೆ ಕರೆಯುವುದು ಸರಿಯೇ ಎಂದು ಒಪ್ಪಿಕೊಂಡು, ಆ ಕಾರಣಕ್ಕಾಗಿಯೇ ನೀವೂ ಒಬ್ಬರ ಪಾದವನ್ನೊಬ್ಬರು ತೊಳೆಯಬೇಕು ಎನ್ನುತ್ತಾರೆ. 590ರಲ್ಲಿ ಪೋಪ್ ಆದ ಮೊದಲನೆಯ ಗ್ರೆಗೊರಿ ತಮ್ಮನ್ನು ‘ದೇವರ ಸೇವಕರ ಸೇವಕ’ ಎಂದು ಕರೆದುಕೊಂಡಾಗಲೂ ಅಧಿಕಾರವನ್ನು ಬಿಟ್ಟುಕೊಡಲಿಲ್ಲ. ನಮ್ಮ ಕರಾವಳಿಯಲ್ಲಿ ಮನೆಜಗಳದಿಂದ ಹಿಡಿದು ದೋಣಿಯ ಪಾಲಿನ ವ್ಯಾಜ್ಯದವರೆಗೆ ಫಾದರ್ ಮಾತಿಗೆ ತೂಕ ಬರುವುದು, ಅವರು ಆಷಾಢದ ಮಳೆಯಲ್ಲಿ ರೋಗಿಯ ಮನೆಗೆ ನಡೆದುಹೋದುದರಿಂದಲೇ ಹೊರತು ನೇಮಕದ ಪತ್ರದಿಂದಲ್ಲ.

ವಿರೋಧ

ಮಳೆಯಲ್ಲಿ ನಡೆದುಹೋದವರನ್ನು ಲೆಕ್ಕ ಕೇಳುವುದು ಹೇಗೆ? ತೊಡಕು ಇರುವುದು ಇಲ್ಲಿಯೇ. ನನಗೆ ಗೊತ್ತಿರುವ ಒಂದು ಧರ್ಮಕೇಂದ್ರದಲ್ಲಿ (ಒಂದು ಇಗರ್ಜಿಗೆ ಸೇರಿದ ಭಕ್ತರ ಸಮುದಾಯದಲ್ಲಿ) ಮಾಡಿನ ಹೆಂಚು ಬದಲಿಸಿದ ಖರ್ಚಿನ ಬಿಲ್ ತೋರಿಸಿರೆಂದು ಹಿರಿಯರೊಬ್ಬರು ಸಭೆಯಲ್ಲಿ ಕೇಳಿದರು. ‘ನಮಗಾಗಿ ಇಷ್ಟು ದುಡಿಯುವ ಫಾದರನ್ನು ಹೀಗೆ ಕೇಳುವುದಾ?’ ಎಂಬ ಉತ್ತರ ಬಂತು. ಹಾಗೆಂದವರು ಫಾದರ್ ಅಲ್ಲ, ಪಕ್ಕದ ಬೆಂಚಿನಲ್ಲಿದ್ದವರು. ಬಿಲ್ ಇತ್ತೋ ಇಲ್ಲವೋ, ಆ ಸಂಜೆ ಯಾರೂ ನೋಡಲಿಲ್ಲ. (ಇದ್ದಿರಲೂಬಹುದು, ಪ್ರಾಮಾಣಿಕ ಗುರುವಿಗೂ ಅಂಥ ಮೌನದಿಂದ ನಷ್ಟವೇ.)

ಮನೆಗೆಲಸದವನನ್ನು ಯಜಮಾನ ಬಿಡಿಸಬಹುದು. ಗುರುವಿನ ನೇಮಕವೂ ವರ್ಗಾವಣೆಯೂ ಬಿಷಪರ ಕೈಯಲ್ಲಿವೆ. ಕ್ಯಾಥೊಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆಯ 537ನೆಯ ವಿಧಿ ಪ್ರತಿ ಧರ್ಮಕೇಂದ್ರದಲ್ಲೂ ಆರ್ಥಿಕ ಸಮಿತಿ ಇರಲೇಬೇಕೆನ್ನುತ್ತದೆ, ಸರಿ. ಆದರೆ ಆ ಸಮಿತಿಯ ಕೆಲಸ ಗುರುವಿಗೆ ನೆರವಾಗುವುದು. ಭಕ್ತರೂ ಸೇರಿ ಧಾರ್ಮಿಕ ಕೆಲಸಗಳಿಗೆ ನೆರವಾಗುವ, 536ನೆಯ ವಿಧಿಯ ಪಾಲನಾ ಸಮಿತಿಗೆ ಇರುವುದೂ ಸಲಹೆಯ ಹಕ್ಕು ಮಾತ್ರ. ಕಾನೂನಿನ ವ್ಯವಹಾರಗಳಲ್ಲೆಲ್ಲ ಧರ್ಮಕೇಂದ್ರದ ಪರವಾಗಿ ನಿಲ್ಲುವವರು ಗುರುಗಳೇ. ಇಷ್ಟು ಅಧಿಕಾರವುಳ್ಳವರನ್ನು ಸೇವಕರೆಂದು ಕರೆಯುತ್ತ ಹೋದರೆ ಆ ಅಧಿಕಾರ ಕಣ್ಣಿಗೆ ಬೀಳದಂತಾಗುತ್ತದೆ, ಪ್ರಶ್ನೆ ಕೇಳಿದವನು ಕೃತಘ್ನನಾಗಿ ಕಾಣುತ್ತಾನೆ.

ಪರವಾದಿಗಳ ಅದೇ 13ನೆಯ ಅಧ್ಯಾಯದಲ್ಲಿ ಹಣದ ಚೀಲ ಯೇಸುವಿಗೆ ದ್ರೋಹ ಬಗೆದ ಶಿಷ್ಯ ಯೂದನ ಬಳಿ ಇತ್ತೆಂಬ ಮಾತೂ ಇದೆ. ಅದರಿಂದ ಅವನು ಕದಿಯುತ್ತಿದ್ದನೆಂದು ಹಿಂದಿನ ಅಧ್ಯಾಯ ಹೇಳುತ್ತದೆ. ಅವನ ಪಾದಗಳನ್ನೂ ಆ ರಾತ್ರಿ ತೊಳೆಯಲಾಯಿತು. ಚೀಲವನ್ನು ಬಿಚ್ಚಿ ನೋಡಿದರೆಂದು ಎಲ್ಲಿಯೂ ಬರೆದಿಲ್ಲ. ಆದ್ದರಿಂದ ಆರ್ಥಿಕ ಸಮಿತಿಯು ತಿಂಗಳ ಜಮಾ-ಖರ್ಚನ್ನು ಇಗರ್ಜಿಯ ಬಾಗಿಲ ಬಳಿಯ ಫಲಕದಲ್ಲಿ, ಕೊಂಕಣಿ ಮತ್ತು ಕನ್ನಡ ಎರಡರಲ್ಲೂ, ಹೆಂಚಿನ ಬಿಲ್ಲಿನ ಸಮೇತ ಅಂಟಿಸಲಿ. ಪಾದ ತೊಳೆಯುವುದನ್ನು ಯಾರೂ ನಿಲ್ಲಿಸಬೇಕಾಗಿಲ್ಲ.